ಜರಡಿಯ ಮೇಲುಳಿದ ಕಲ್ಲುಗಳ ವಿಷಯವಾಗಿ

ಮಾನ್ಯ ಓದುಗರಲ್ಲಿ ವಿನಂತಿ. ಹೈಸ್ಕೂಲು ಮುಗಿದ ಮೇಲೆ ನಾನು ಕನ್ನಡದಲ್ಲಿ ಅಂಗಡಿಯ ಚೀಟಿಗಿಂತ ಉದ್ದವಾದುದನ್ನು ಬರೆದವಳಲ್ಲ. ಆದಕಾರಣ ಈ ಬರಹದಲ್ಲಿರುವ ಕಾಗುಣಿತದ ದೋಷಗಳನ್ನೂ ಸಾಲು ತಪ್ಪಿ ಕೆಳಗಿಳಿಯುವ ಅಕ್ಷರಗಳನ್ನೂ ಮೊದಲಿಗೇ ಮನ್ನಿಸಬೇಕು. ಅಪ್ಪ ತಾಲೂಕು ಕಚೇರಿಗೆ ಬರೆಯುತ್ತಿದ್ದ ಅರ್ಜಿಯ ಶೈಲಿಯೊಂದೇ ನನಗೆ ಗೊತ್ತಿರುವುದು. ಅದನ್ನೇ ಇಲ್ಲಿ ಅನುಸರಿಸಿದ್ದೇನೆ.

ತಮ್ಮ ಗಮನಕ್ಕೆ ತರಬೇಕಾದ ಸಂಗತಿ ಒಂದು ಚೀಲ ಮಣ್ಣಿನದು. ನಾನು ಮಲೇಷಿಯಾದ ವಿಶ್ವವಿದ್ಯಾಲಯವೊಂದರಲ್ಲಿ ಮಣ್ಣುಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿದ್ದೆ. ಅಲ್ಲಿನ ಸಬಾ ಪ್ರಾಂತ್ಯದಲ್ಲಿರುವ ಕಿನಬಾಲು ಪರ್ವತದ ನೆತ್ತಿಯಲ್ಲಿ ಬಹಳ ಹಿಂದೆ ಹಿಮನದಿಗಳಿದ್ದವು. ಗದಗ ಜಿಲ್ಲೆಯ ನಮ್ಮ ಊರಿನಲ್ಲಿ ಇದನ್ನು ಹೇಳಿದಾಗ, ಸೆಕೆಯ ದೇಶದಲ್ಲಿ ಹಿಮ ಎಲ್ಲಿಂದ ಬಂತು ಎಂದು ನಕ್ಕರು. ಆದರೆ ಹಿಮ ಉಜ್ಜಿಹೋದ ಬಂಡೆಯ ನುಣುಪನ್ನು ನಾನು ಅಂಗೈಯಿಂದ ಮುಟ್ಟಿದ್ದೇನೆ. ಅಂಥ ಬಂಡೆಗಳ ನಡುವೆ, ನಿಂತರೆ ಕಾಲು ಜಾರುವ ಇಳಿಜಾರಿನಲ್ಲಿ, ಗೇಣುದ್ದವೂ ಆಳವಿಲ್ಲದ ಮಣ್ಣು ಅಲ್ಲಲ್ಲಿ ನಿಂತಿದೆ. ಅದರಲ್ಲಿ ಮಣ್ಣಿಗಿಂತ ಕಲ್ಲೇ ಹೆಚ್ಚು. ಕಡಲೆಯಷ್ಟು, ಅಡಿಕೆಯಷ್ಟು, ನಿಂಬೆಯಷ್ಟು ಕಲ್ಲುಗಳು ಒಟ್ಟಿಗೇ ಬೆರೆತಿರುತ್ತವೆ. ಹೊಳೆಯಲ್ಲಿ ಉರುಳಿದ ಕಲ್ಲುಗಳಲ್ಲವಾದ್ದರಿಂದ ಅವುಗಳ ಅಂಚು ಸವೆದಿಲ್ಲ. ಮಳೆ ಬಿದ್ದರೆ ನೀರು ನಿಲ್ಲದೆ ಇಳಿದುಹೋಗುತ್ತದೆ. ನಯವಾದ ಮಣ್ಣು ಕೊಚ್ಚಿಹೋಗದಂತೆ ಕಲ್ಲುಗಳೇ ಅದನ್ನು ಮುಚ್ಚಿ ಹಿಡಿದಿರುತ್ತವೆ.

ಅನುಮತಿ ಪಡೆದು, ತಂಡದೊಂದಿಗೆ ಹತ್ತಿ, ಸದರಿ ಮಣ್ಣನ್ನು ಒಂದು ಚೀಲ ತಂದೆ. ಪ್ರಯೋಗಾಲಯಕ್ಕೆ ಒಪ್ಪಿಸುವಷ್ಟರಲ್ಲಿ ಕೋವಿಡ್ ಬಂದು ಅಲ್ಲಿಗೆ ಬೀಗ ಬಿತ್ತು. ಇನ್ನೊಮ್ಮೆ ಪರ್ವತಕ್ಕೆ ಹೋಗುವ ಮಾತಿರಲಿ, ಪಕ್ಕದ ಜಿಲ್ಲೆಗೆ ಹೋಗಲೂ ಪೊಲೀಸರು ಬಿಡುತ್ತಿರಲಿಲ್ಲ. ನನ್ನ ಪದವಿ ಆ ಒಂದು ಚೀಲದ ಮೇಲೆ ನಿಂತಿತು.

ಆಗ ನಾನು ರಾಜಧಾನಿಯ ಬ್ರಿಕ್‌ಫೀಲ್ಡ್ಸ್ ಬಡಾವಣೆಯಲ್ಲಿ ಉಡುಪಿ ಕಡೆಯ ಒಬ್ಬ ಆಂಟಿಯ ಫ್ಲ್ಯಾಟಿನಲ್ಲಿ ಬಾಡಿಗೆಗಿದ್ದೆ. ಅವರ ಯಜಮಾನರು ಕೆಲಸದ ಸಲುವಾಗಿ ಕ್ಲಾಂಗ್ ಬಂದರಿನಲ್ಲಿಯೇ ಉಳಿದುಬಿಟ್ಟಿದ್ದರಿಂದ ಮನೆಯಲ್ಲಿ ನಾವಿಬ್ಬರೇ. ಚೀಲವನ್ನು ಅವರ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಬಾಲ್ಕನಿಯಲ್ಲಿ ತಮಿಳು ಪತ್ರಿಕೆಗಳನ್ನು ಹಾಸಿ, ಮಣ್ಣನ್ನು ಒಣಗಲು ಹರವಿದೆ.

ನನ್ನ ಮಾರ್ಗದರ್ಶಕರು ನಮ್ಮ ವಿಶ್ವವಿದ್ಯಾಲಯದೊಂದಿಗೆ ಒಪ್ಪಂದವಿದ್ದ ಕರ್ನಾಟಕದ ಸಂಸ್ಥೆಯವರು. ಅವರು ವಿಡಿಯೋ ಕರೆಯಲ್ಲಿ ಸಿಗುತ್ತಿದ್ದರು. ಮಣ್ಣನ್ನು ಎರಡು ಮಿಲಿಮೀಟರಿನ ಜರಡಿಯಲ್ಲಿ ಹಾಯಿಸಿ, ಕೆಳಗೆ ಬಿದ್ದುದನ್ನು ಮಾತ್ರ ಪರೀಕ್ಷಿಸುವುದು ನಮ್ಮ ಕಸುಬಿನ ಪದ್ಧತಿ. ನಾನು ಕಲ್ಲುಗಳನ್ನೂ ಸೇರಿಸಿ ಅಧ್ಯಯನ ಮಾಡುತ್ತೇನೆಂದು ಅರಿಕೆ ಮಾಡಿಕೊಂಡೆ.

"ನೋಡಮ್ಮ, ಜರಡಿ ಕೆಳಗೆ ಬಿದ್ದಿದ್ದು ಮಣ್ಣು. ಮೇಲೆ ಉಳ್ದಿದ್ದು ಜಲ್ಲಿ. ಜಲ್ಲಿ ವಿಷ್ಯ ಸಿವಿಲ್‌ನವ್ರು ನೋಡ್ಕೋತಾರೆ," ಎಂದರು. "ಅಲ್ಲೇ ರೋಡ್ ಪಕ್ಕ ಕೆಂಪು ಮಣ್ಣಿದ್ಯಲ್ಲ, ಅದನ್ನ ತಗೊಂಡು ಟಾಪಿಕ್ ಚೇಂಜ್ ಮಾಡ್ಕೊ. ಟೈಮ್‌ಗೆ ಮುಗಿಯತ್ತೆ."

"ಇಲ್ಲ ಸರ್. ಕಲ್ಲು ತೆಗೆದ್ರ ಅದು ಆ ಗುಡ್ಡದ ಮಣ್ಣ ಅಲ್ಲ," ಎಂದೆ.

"ಹಾಗಾದ್ರೆ ಪ್ರೂವ್ ಮಾಡಿ ತೋರ್ಸು," ಎಂದು ಕರೆ ಮುಗಿಸಿದರು.

ನಾನು ಕೋಣೆಯಿಂದ ಹೊರಬಂದಾಗ ಆಂಟಿ ಬಾಲ್ಕನಿಯಲ್ಲಿ ಮೊರ ಹಿಡಿದು ಕುಳಿತಿದ್ದರು. ಪತ್ರಿಕೆಯ ಮೇಲೆ ಬೂದುಬಣ್ಣದ ನಯವಾದ ಪುಡಿ ಮಾತ್ರ ಉಳಿದಿತ್ತು.

"ಅಕ್ಕಿ ಆರಿಸಿದ ಹಾಗೆ ಆರಿಸಿಟ್ಟಿದ್ದೇನೆ ನೋಡು," ಎಂದರು. "ಎಂಥ ಕಲ್ಲು ಮಾರಾಯ್ತಿ. ಅಷ್ಟು ದೂರ ಹೋದವಳಿಗೆ ಒಳ್ಳೆ ಮಣ್ಣು ಸಿಗಲಿಲ್ಲವಾ?"

"ಆಂಟಿ, ಕಲ್ಲು ಎಲ್ಲಿ?"

"ಬೇವಿನ ಸೊಪ್ಪಿನ ಚಟ್ಟಿಗೆ ಹಾಕಿದೆ. ಅಡಿಯಲ್ಲಿ ನೀರು ನಿಲ್ಲುವುದಿಲ್ಲವಲ್ಲ."

ಬಗ್ಗಿ ನೋಡಿದೆ. ಕರಿಬೇವಿನ ಕುಂಡದಲ್ಲಿ ಮೊದಲೇ ಅಂಗಡಿಯಿಂದ ತಂದ ಬೆಣಚುಕಲ್ಲುಗಳಿದ್ದವು. ವಿಷಯ ತಿಳಿದಾಗ ಆಂಟಿಯ ಮುಖ ಸಪ್ಪಗಾಯಿತು. ಮರುಮಾತಿಲ್ಲದೆ ತಾವು ಸಾಕಿದ ಗಿಡವನ್ನು ತಾವೇ ಕಿತ್ತು, ಕುಂಡವನ್ನು ಹಳೆಯ ಚಾದರದ ಮೇಲೆ ಬೋರಲು ಹಾಕಿದರು.

"ಇನ್ನು ಯಾವುದು ನಿನ್ನದು, ಯಾವುದು ನನ್ನದು ಎಂದು ಹೇಗೆ ಹೇಳುವುದು?"

ಹೇಳಲು ಬರುತ್ತಿತ್ತು. ಅಂಗಡಿಯವು ಹೊಳೆಯ ಕಲ್ಲುಗಳು. ಗೋಲಿಯಂತೆ ದುಂಡಗೆ ಬೆರಳಿನಿಂದ ಜಾರುತ್ತಿದ್ದವು. ಪರ್ವತದ ಕಲ್ಲುಗಳ ಅಂಚು ಬೆರಳಿಗೆ ತಾಗುತ್ತಿತ್ತು. ಒಂದನ್ನು ಆಂಟಿಯ ಕೈಗೆ ಕೊಟ್ಟೆ. ಅವರು ಕಣ್ಣು ಮುಚ್ಚಿ ಮುಟ್ಟಿ, "ಓ, ಇದು ಜಗಳಗಂಟಿ," ಎಂದರು. ಆ ಮೇಲೆ ನನಗಿಂತ ಬೇಗ ಆರಿಸತೊಡಗಿದರು. "ಜಗಳಗಂಟಿ, ಜಗಳಗಂಟಿ, ಇದು ಪಾಪದ್ದು," ಎನ್ನುತ್ತಾ ಅಡುಗೆಯನ್ನೂ ಮರೆತರು. ಅಂದು ಕೆಳಗಿನ ಮಾಮಕ್ ಅಂಗಡಿಯಿಂದ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಿಂದ, ರೊಟ್ಟಿ ಕಟ್ಟಿಸಿ ತಂದು ತಿಂದೆವು.

ಕಲ್ಲುಗಳನ್ನು ತೊಳೆದು, ಒಣಗಿಸಿ, ಪುಡಿಯೊಂದಿಗೆ ತೂಗಿದಾಗ ಮೊದಲಿನ ತೂಕಕ್ಕೆ ಚಿಟಿಕೆಯಷ್ಟು ಮಾತ್ರ ಕಡಿಮೆ ಬಂತು. ಆ ಚಿಟಿಕೆಯನ್ನೂ ಪ್ರಬಂಧದಲ್ಲಿ ನಮೂದಿಸಿದ್ದೇನೆ.

ಸಾಬೀತಿಗೆ ದಾರಿ ಸಿಕ್ಕಿದ್ದೂ ಆಂಟಿ ಹೀಗೆ ಬೇರ್ಪಡಿಸಿದ್ದರಿಂದಲೇ. ಎರಡು ತಟ್ಟೆಗಳನ್ನು ಒಂದೇ ಓರೆಯಲ್ಲಿ ಗೋಡೆಗೆ ಆನಿಸಿ, ಒಂದರಲ್ಲಿ ಆರಿಸಿದ ಪುಡಿಯನ್ನು ಒಂದು ಹಿಡಿ ಹರವಿದೆ, ಇನ್ನೊಂದರಲ್ಲಿ ಕಲ್ಲನ್ನು ಮತ್ತೆ ಬೆರೆಸಿದ ಮಣ್ಣನ್ನು. ಮಾರ್ಗದರ್ಶಕರಿಗೆ ಕರೆ ಮಾಡಿ, ಫೋನನ್ನು ಸ್ಟೂಲಿನ ಮೇಲಿಟ್ಟೆ. ಆಂಟಿ ಗಿಡಕ್ಕೆ ನೀರು ಹಾಕುವ ಡಬ್ಬಿಯಿಂದ ಎರಡಕ್ಕೂ ಸಮನಾಗಿ ನೀರು ಚಿಮುಕಿಸಿದರು. ಪುಡಿ ಕೆಸರಾಗಿ ತಟ್ಟೆಯಿಂದ ಇಳಿದು ನೆಲಕ್ಕೆ ಬಂತು. ಕಲ್ಲಿನ ಮಣ್ಣಿನಿಂದ ನೀರು ಇಳಿಯಿತು. ಮಣ್ಣು ಇದ್ದಲ್ಲಿಯೇ ಇತ್ತು.

ಮಾರ್ಗದರ್ಶಕರು ಎರಡೂ ತಟ್ಟೆಗಳನ್ನು ಹತ್ತಿರದಿಂದ ತೋರಿಸಲು ಹೇಳಿ ನೋಡಿದರು.

"ಕಿಚನ್ ಪ್ರಯೋಗಕ್ಕೆಲ್ಲ ಡಿಗ್ರಿ ಕೊಡೋಕಾಗಲ್ಲಮ್ಮ."

"ಲ್ಯಾಬ್ ತೆರೆದ ಮ್ಯಾಲ ಅಲ್ಲೇ ಮಾಡ್ತೀನ್ರಿ ಸರ್. ಕಲ್ಲು ಮಾತ್ರ ತೆಗಿಯೂದಿಲ್ಲ."

ಆಂಟಿ ಪರದೆಯೊಳಗೆ ತಲೆ ಹಾಕಿ, "ಸರ್, ನಾನು ಒಮ್ಮೆ ತೆಗೆದು ನೋಡಿ ಆಯಿತು. ನೆಲ ಒರೆಸುವವಳು ನಾನೇ," ಎಂದರು.

ಮಾರ್ಗದರ್ಶಕರಿಗೆ ನಗು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ. "ನಿನ್ನ ರಿಸ್ಕು. ಲೇಟ್ ಆದ್ರೆ ನನ್ನ ಕೇಳ್ಬೇಡ," ಎಂದರು.

ತಡವಾಯಿತು. ಸಹಪಾಠಿಗಳು ಕೆಂಪು ಮಣ್ಣಿನ ಪ್ರಬಂಧ ಮುಗಿಸಿ ಹೊರಟುಹೋದರು. ಬೀಗ ತೆಗೆದ ಮೇಲೆ ನಾನು ಚೀಲ ಹೊತ್ತು ಪ್ರಯೋಗಾಲಯಕ್ಕೆ ಹೋದೆ. ಅಲ್ಲಿಯೂ ಕಲ್ಲುಗಳು ಅದೇ ಉತ್ತರ ಕೊಟ್ಟವು. ಪ್ರಬಂಧದ ಶೀರ್ಷಿಕೆಯಲ್ಲಿದ್ದ 'ಕಲ್ಲು ಸಹಿತ' ಎಂಬ ಮಾತನ್ನು ಕೈಬಿಡಲು ಪರೀಕ್ಷಕರು ಸೂಚಿಸಿದರು. ಬಿಡಲಿಲ್ಲ. ಪದವಿ ಆ ಮಾತಿನೊಂದಿಗೇ ಬಂತು. ಕಿತ್ತ ಕರಿಬೇವು ಬದುಕಲಿಲ್ಲ. ಪರೀಕ್ಷೆಗಳು ಮುಗಿದು ಉಳಿದ ಜಗಳಗಂಟಿಗಳನ್ನು ಕುಂಡದ ತಳಕ್ಕೆ ಹಾಕಿ ಆಂಟಿ ಹೊಸದನ್ನು ನೆಟ್ಟರು.

ಮಾನ್ಯರೇ, ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ದಯವಿಟ್ಟು ತಿದ್ದಿಕೊಡಬೇಕು. ಒತ್ತಕ್ಷರ, ದೀರ್ಘ, ವಾಕ್ಯರಚನೆ, ಏನಿದ್ದರೂ ತಲೆಬಾಗಿ ಒಪ್ಪುತ್ತೇನೆ. ಆದರೆ ಆ ಮಣ್ಣಿನಿಂದ ಕಲ್ಲನ್ನು ತೆಗೆಯಬೇಕಿತ್ತು ಎಂಬ ತಿದ್ದುಪಡಿಯನ್ನು ಮಾತ್ರ ಸ್ವೀಕರಿಸಲಾಗುವುದಿಲ್ಲವೆಂದು ವಿನಯಪೂರ್ವಕವಾಗಿ ತಿಳಿಸುತ್ತೇನೆ.