ಹಿಂದಿನ ಸೀಟಿನ ಗೂಢಚಾರ

ಆ ಕಾದಂಬರಿಯನ್ನು ನಾವಿಬ್ಬರೂ ಬಸ್ಸಿನಲ್ಲೇ ಓದಿದ್ದು. ನಾನು ಬೆಳ್ಳಾರೆಯಲ್ಲಿ ಹತ್ತಿ ಸೀಟು ಹಿಡಿಯುತ್ತಿದ್ದೆ, ಗೆಳತಿ ಸವಣೂರಿನಲ್ಲಿ ಹತ್ತುತ್ತಿದ್ದಳು. ಪುತ್ತೂರಿನ ಕಾಲೇಜು ಬರುವವರೆಗೆ ಅವಳ ದಪ್ಪ ಇಂಗ್ಲಿಷ್ ಪುಸ್ತಕ ಇಬ್ಬರ ತೊಡೆಯ ಮೇಲೂ ಇರುತ್ತಿತ್ತು. ನೆರಳುಗಳ ಜೊತೆ ಮಾತಾಡಬಲ್ಲ ಹುಡುಗಿಯೊಬ್ಬಳು ಅರಮನೆಯ ಗೂಢಚಾರಿಣಿಯಾಗಿ ಬೆಳೆದು, ಕೊನೆಗೆ ತನ್ನ ರಾಜನ ವಿರುದ್ಧವೇ ದಂಗೆಯೇಳುವ ಕಥೆ. ಗೆಳತಿ ನನಗಿಂತ ಬೇಗ ಓದಿ ಮುಗಿಸಿ, ಪುಟ ತಿರುಗಿಸಲು ಬೆರಳು ಕುಟ್ಟುತ್ತಾ ಕಾಯುತ್ತಿದ್ದಳು.

ಒಂದು ಸಂಜೆ ಅಪ್ಪ, "ಆ ಬ್ಯಾರಿ ಹುಡುಗಿ ಒಟ್ಟಿಗೆ ಎಂತ ಓದುದು ನೀನು? ಸರ್ಕಾರ ಉರುಳಿಸುದಾ?" ಎಂದರು. ಗೆಳತಿ ಮುಸ್ಲಿಂ ಎನ್ನುವುದನ್ನೇ ಎತ್ತಿ ಆಡಿದ್ದಕ್ಕೆ ನನಗೆ ಮೈಯೆಲ್ಲ ಉರಿಯಿತು. ಯಾರೋ ಚಾಡಿ ಹೇಳಿದ್ದರು.

ಮಾರನೆಯ ದಿನ ಜ್ವರವೆಂದು ನಾನು ಹೋಗಲಿಲ್ಲ. ನಮ್ಮ ಹಿಂದಿನ ಸೀಟಿನಲ್ಲಿ ದಿನಾ ತೂಕಡಿಸುತ್ತಿದ್ದವರು ನಮ್ಮ ದೂರದ ನೆಂಟರು, ನನಗೆ ವರಸೆಯಲ್ಲಿ ಮಾವ. ಅವರು ಅಂದು ಬಸ್ಸಿನಿಂದಲೇ ಅಪ್ಪನಿಗೆ ಫೋನು ಮಾಡಿದರಂತೆ. ಮುಂದೆ ಕೂತ ಗೆಳತಿಗೆ ತಿಳಿಯಬಾರದೆಂದು ನಮ್ಮ ಮನೆಮಾತಾದ ಅರೆಭಾಷೆಯಲ್ಲಿ: ಪುಸ್ತಕ ಅವಳದೇ, ನಿನ್ನ ಮಗಳನ್ನು ಹಾಳು ಮಾಡುತ್ತಿರುವುದೂ ಅವಳೇ, ನಾಳೆ ಇನ್ನಷ್ಟು ಕೇಳಿಸಿಕೊಂಡು ಹೇಳುತ್ತೇನೆ. ಎಂಥ ಗೂಢಚಾರ! ಗೆಳತಿಯ ಅಪ್ಪನ ಬಟ್ಟೆ ಅಂಗಡಿ ಇರುವುದು ಬೆಳ್ಳಾರೆ ಪೇಟೆಯಲ್ಲಿ. ಅಲ್ಲಿ ಗಿರಾಕಿಗಳ ಜೊತೆ ಚೌಕಾಶಿ ಮಾಡಿಯೇ ಅವಳು ಅರೆಭಾಷೆಯನ್ನು ನನಗಿಂತ ಚೆನ್ನಾಗಿ ಕಲಿತಿದ್ದಾಳೆ. ಗುಟ್ಟಿಗೆಂದು ಭಾಷೆ ಬದಲಿಸುವ ನಮ್ಮೂರಿನವರೆಲ್ಲ ಮಾಡುವ ತಪ್ಪು ಇದೇ. ಇಲ್ಲಿ ಯಾರಿಗೆ ಯಾವ ಭಾಷೆ ಬರುವುದಿಲ್ಲ?

ಮರುದಿನ ಬಸ್ಸಿನಲ್ಲಿ ಅವಳು ಇದನ್ನು ಹೇಳಿದಾಗ ನನಗೆ ನಗು ಬಂತು. ಅವಳಿಗೆ ಬರಲಿಲ್ಲ. "ನಾನು ಬೇರೆ ಸೀಟಲ್ಲಿ ಕೂತ್ಕೊಳ್ತೇನೆ ಮಾರಾಯ್ತಿ. ನಿನ್ನ ಕಾಲೇಜು ಬಿಡಿಸಿದ್ರೆ?"

"ಸುಮ್ಮನೆ ಇಲ್ಲೇ ಕೂತ್ಕೋ," ಎಂದೆ. ಪುಸ್ತಕ ಬಿಡಿಸಿ, ಇಂಗ್ಲಿಷನ್ನು ಅಲ್ಲಲ್ಲೇ ಕನ್ನಡ ಮಾಡುತ್ತಾ, ಕಂಡಕ್ಟರಿಗೂ ಕೇಳುವಷ್ಟು ಗಟ್ಟಿಯಾಗಿ ದಂಗೆಯ ಅಧ್ಯಾಯವನ್ನೇ ಓದಿದೆ. ಹಿಂದೆ ತೂಕಡಿಕೆ ನಿಂತಿತ್ತು.

ಆ ಸಂಜೆ ಅಪ್ಪ, "ನಾಳೆಯಿಂದ ಬಸ್ಸು ಬೇಡ. ಬೈಕಲ್ಲಿ ನಾನೇ ಬಿಡ್ತೇನೆ," ಎಂದರು.

"ನಾನು ಬಸ್ಸಲ್ಲೇ ಹೋಗುದು. ಅವಳ ಹತ್ರವೇ ಕೂತ್ಕೊಳ್ಳುದು."

ಅಷ್ಟರಲ್ಲಿ ಮೇಜಿನ ಮೇಲಿದ್ದ ಅಪ್ಪನ ಫೋನು ರಿಂಗಾಯಿತು. ಮಾವನದೇ. ಅಪ್ಪ ಕೈ ಚಾಚುವ ಮೊದಲೇ ನಾನು ಎತ್ತಿದೆ.

"ಮಾವ, ನಾಳೆ ಕೊನೆಯ ಅಧ್ಯಾಯ ಉಂಟು. ಮುಂದೆ ಬಂದು ಕೂತ್ಕೊಳ್ಳಿ, ಹಿಂದೆ ಸರಿ ಕೇಳುದಿಲ್ಲ. ಅಪ್ಪನಿಗೆ ವರದಿ ನಾನೇ ಕೊಡ್ತೇನೆ."

ಅಪ್ಪ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದರು. ಬೆಳಿಗ್ಗೆ ನೋಡಿದರೆ ಬೈಕು ಅಂಗಳದಲ್ಲಿ ನಿಂತಿತ್ತು, ಅಪ್ಪ ಅದರ ಪಕ್ಕದಲ್ಲಿ. ನಾನು ಬೈಕನ್ನೂ ಅಪ್ಪನನ್ನೂ ದಾಟಿ ಬಸ್‌ಸ್ಟ್ಯಾಂಡಿಗೆ ನಡೆದೆ. ಬಸ್ಸು ಹತ್ತಿ ಪಕ್ಕದ ಸೀಟಿನ ಮೇಲೆ ಬ್ಯಾಗಿಟ್ಟೆ. ಸವಣೂರು ಬರುವವರೆಗೂ ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದೆ: "ಇಲ್ಲಿ ಜನ ಉಂಟು."