ಸೊಪ್ಪಿನ ದಡ

ಕೆರೆಯ ದಡಕ್ಕೆ ದರ್ಜೆ ಕೊಡುವುದೂ ಒಂದು ಕೆಲಸ ಎಂದರೆ ನಮ್ಮ ಮನೆಯಲ್ಲೇ ಯಾರೂ ನಂಬುತ್ತಿರಲಿಲ್ಲ. ನಾನು ಆಗ ಒಂದು ಸಣ್ಣ ಸಂಸ್ಥೆಯಲ್ಲಿ ಗುತ್ತಿಗೆ ಮೇಲೆ ಇದ್ದೆ. ನಗರ ಯೋಜನೆ ಮಾಡುವವರಿಗೆ ಕೆರೆಗಳ ನಕ್ಷೆ ತಯಾರಿಸಿ ಕೊಡುವುದು ನಮ್ಮ ಕೆಲಸ. ಕೆರೆಯ ಸುತ್ತ ನಡೆಯಬೇಕು, ಐವತ್ತು ಮೀಟರಿಗೊಮ್ಮೆ ನಿಲ್ಲಬೇಕು, ಅಲ್ಲಿನ ದಡ ಎಂಥದ್ದು ಎಂದು ಫಾರಂನಲ್ಲಿ ತುಂಬಬೇಕು. ಗಿಡ ಬೆಳೆದ ಮಣ್ಣಿನ ಇಳಿಜಾರಾದರೆ ಒಂದನೇ ದರ್ಜೆ, ಕಲ್ಲು ಕಟ್ಟಿದ್ದಾದರೆ ಎರಡನೆಯದು, ಕಟ್ಟಡ ಒಡೆದ ಮಣ್ಣು ಸುರಿದು ಎತ್ತರಿಸಿದ್ದಾದರೆ ಮೂರನೆಯದು. ಕೊನೆಯಲ್ಲಿ ಒಂದು ಕಾಲಂ: ಇಲ್ಲಿ ಜನ ನೀರಿಗೆ ಇಳಿಯಬಹುದೇ? ಇದನ್ನೆಲ್ಲ ನೋಡಿಕೊಂಡು ಎಲ್ಲಿ ವಾಕಿಂಗ್ ಪಾತ್ ಬರಬೇಕು, ಎಲ್ಲಿ ಬೇಲಿ ಹಾಕಿ ಹಕ್ಕಿಗಳಿಗೆ ಬಿಡಬೇಕು ಎಂದು ಮೇಲಿನವರು ತೀರ್ಮಾನಿಸುತ್ತಾರೆ. ನನ್ನ ಗಂಡನಂತೂ, "ನಡೆಯೋದಕ್ಕೂ ಸಂಬಳ ಕೊಡೋ ಆಫೀಸು, ನನಗೂ ಒಂದು ಸೀಟ್ ಕೇಳು" ಎಂದು ರೇಗಿಸುತ್ತಿದ್ದ.

ಈ ಕೆಲಸವನ್ನು ಗಂಭೀರವಾಗಿ ತೆಗೆದುಕೊಂಡ ಒಬ್ಬರೇ ಒಬ್ಬರು ನಮ್ಮ ಮನೆ ಓನರ್ ಅಜ್ಜಿ.

ಅರೆಕೆರೆಯಿಂದ ಒಳಕ್ಕೆ ಹೋದರೆ ಸಿಗುವ ಒಂದು ಹಳೇ ಊರಿನಲ್ಲಿ ಅವರ ಮನೆ. ಊರು ಎಂದು ಈಗ ಹೇಳಬೇಕಾದ್ದು ದೇವಸ್ಥಾನ ಮತ್ತು ಅರಳಿಕಟ್ಟೆ ನೋಡಿಕೊಂಡು. ಉಳಿದದ್ದೆಲ್ಲ ಮೂರು ಮಹಡಿ, ನಾಲ್ಕು ಮಹಡಿಯ ಬಾಡಿಗೆ ಮನೆಗಳು. ಅಜ್ಜಿ ರಾಗಿ ಕೊಯ್ದ ಹೊಲದ ಮೇಲೇ ಅವರ ಕಟ್ಟಡ ನಿಂತಿತ್ತು. ನೆಲಮಹಡಿಯಲ್ಲಿ ಮಗ, ಸೊಸೆಯ ಜೊತೆ ಅವರು. ಮೇಲೆ ಬಾಡಿಗೆಗೆ ಆರು ಸಂಸಾರ, ಅದರಲ್ಲಿ ನಮ್ಮದೊಂದು. ಹೊಲ ಹೋದರೂ ಅಜ್ಜಿಯ ಕುಡುಗೋಲು ಹೋಗಿರಲಿಲ್ಲ. ದಿನಾ ಬೆಳಿಗ್ಗೆ ಅದನ್ನು ಒಂದು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಕೆರೆಗೆ ಹೋಗಿ, ದಡದಲ್ಲಿ ಬೆಳೆದ ಹೊನಗೊನೆ ಸೊಪ್ಪು ಕೊಯ್ದು ತರುತ್ತಿದ್ದರು. ಆರು ಕಂತೆ ಕಟ್ಟಿ ಆರು ಮನೆಯ ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಬರುತ್ತಿದ್ದರು. ಸೊಸೆಗೆ ಇದು ನಾಚಿಕೆಯ ವಿಷಯ. "ಅತ್ತೆ, ಇಷ್ಟು ದೊಡ್ಡ ಬಿಲ್ಡಿಂಗ್ ಇಟ್ಕೊಂಡು ಸೊಪ್ಪು ಕುಯ್ಯಕ್ಕೆ ಹೋಗ್ತೀರಲ್ಲ, ನೋಡಿದೋರು ಏನಂತಾರೆ?" ಎಂದು ಗೊಣಗುತ್ತಿದ್ದರು. "ನೋಡಿದೋರ್ಗೂ ಒಂದು ಕಂತೆ ಕೊಡ್ತೀನಿ ಬಿಡು" ಎಂಬುದು ಅಜ್ಜಿಯ ಉತ್ತರ.

ನಮ್ಮ ಮನೆಯ ಕಂತೆ ಯಾವಾಗಲೂ ಸ್ವಲ್ಪ ದಪ್ಪ. ಅದಕ್ಕೆ ಕಾರಣ ನನ್ನ ಮಗಳು. ನಾಲ್ಕು ವರ್ಷಕ್ಕೇ ಅವಳಿಗೆ ಕನ್ನಡಕ ಬಂದಿತ್ತು. ಹೊನಗೊನೆ ಕಣ್ಣಿಗೆ ಒಳ್ಳೆಯದು, ಆರು ತಿಂಗಳು ಬಿಡದೆ ತಿನ್ನಿಸಿದರೆ ಕನ್ನಡಕ ಕಿತ್ತು ಬಿಸಾಕಬಹುದು ಎಂದು ಅಜ್ಜಿ ಹಟ ಹಿಡಿದಿದ್ದರು. ಕಣ್ಣಿನ ಡಾಕ್ಟರರ ಮೇಲೆ ಅವರಿಗೆ ಅಷ್ಟೇನೂ ಗೌರವವಿರಲಿಲ್ಲ. ಸಂಜೆ ಮಗಳನ್ನು ಟೆರೇಸಿಗೆ ಕರೆದೊಯ್ದು, ಕನ್ನಡಕ ತೆಗೆಸಿ, "ಅಗೋ, ಆ ಬಸ್ ನಂಬರ್ ಏನ್ ಹೇಳು" ಎಂದು ಪರೀಕ್ಷೆ ಮಾಡುತ್ತಿದ್ದರು. ಅಜ್ಜಿಗೆ ಓದು ಬರುತ್ತಿರಲಿಲ್ಲವಾದ್ದರಿಂದ ಮಗಳು ಏನು ಹೇಳಿದರೂ ಪಾಸು. ನಾನು ಅಡುಗೆಮನೆಯಲ್ಲಿ ಆ ಸೊಪ್ಪಿನ ಬಸ್ಸಾರು ಮಾಡುತ್ತಾ ಅವರಿಬ್ಬರ ನಗು ಕೇಳಿಸಿಕೊಳ್ಳುತ್ತಿದ್ದೆ. ಈ ಊರಿನಲ್ಲಿ ನನಗೂ ನನ್ನವರು ಎಂದು ಯಾರೋ ಇದ್ದಾರೆ ಅನ್ನಿಸುತ್ತಿದ್ದದ್ದು ಆ ಹೊತ್ತಿನಲ್ಲಿ.

ನನ್ನ ಪಾಲಿಗೆ ಬಂದ ಕೆರೆ ಅಜ್ಜಿಯ ಕೆರೆಯೇ ಆಗಿತ್ತು. ವಿಷಯ ಗೊತ್ತಾದದ್ದೇ ತಡ, ಅವರು ನನ್ನ ಜೊತೆ ಹೊರಟರು. ನಾನು ಟೇಪು, ಫೋನು, ಫಾರಂ ಹಿಡಿದು ಐವತ್ತು ಮೀಟರ್ ಎಣಿಸುತ್ತಿದ್ದರೆ ಅವರು ಮುಂದೆ ಹೋಗಿ ನಿಂತು, "ಇಲ್ಲಿಗೆ ಮುಗೀತು ದನದ ದಡ. ಇಲ್ಲಿಂದಾಚೆ ಬಟ್ಟೆ ದಡ" ಎನ್ನುತ್ತಿದ್ದರು. ದನ ಇಳಿಯುತ್ತಿದ್ದ ಜಾಗ, ಬಟ್ಟೆ ಒಗೆಯುತ್ತಿದ್ದ ಜಾಗ, ಮಕ್ಕಳನ್ನು ಬಿಡದ ಕೆಸರಿನ ಜಾಗ, ಎಲ್ಲಕ್ಕೂ ಅವರಲ್ಲಿ ಹೆಸರಿತ್ತು. ನನ್ನ ಮೂರು ದರ್ಜೆಗೆ ಅವರದ್ದು ಏಳೆಂಟು. ಮಣ್ಣು ಸುರಿದ ಕಡೆ ನಾನು ಸುಮ್ಮನೆ ಮೂರು ಎಂದು ಬರೆದು ಮುಂದೆ ಹೋದರೆ ಅವರು ನಿಂತು, ಸುರಿದವರ ವಂಶಕ್ಕೆಲ್ಲ ಚೆನ್ನಾಗಿ ಬೈದು ಆಮೇಲೆ ಬರುತ್ತಿದ್ದರು. ಕೆಲಸ ನಿಧಾನವಾಗುತ್ತಿತ್ತು. ಆದರೆ ಅಷ್ಟು ಖುಷಿಯಿಂದ ನಾನು ಮತ್ತಾವ ಕೆರೆಯನ್ನೂ ಸುತ್ತಿಲ್ಲ.

ಕಾಲುವೆ ಬಂದು ಕೆರೆಗೆ ಸೇರುವಲ್ಲಿ, ಎಡಗಡೆ, ಸೊಪ್ಪಿನ ದಡ. ನೀರು ಕಾಣದಷ್ಟು ಹಸಿರು. ಹೊನಗೊನೆ, ಅದರ ಹಿಂದೆ ಆಳೆತ್ತರದ ಜೊಂಡು, ಜೊಂಡಿನಲ್ಲಿ ನೀಲಿ ಬಣ್ಣದ ಕೆರೆಕೋಳಿಗಳು. ಇಡೀ ಕೆರೆಯಲ್ಲಿ ಇಷ್ಟು ಚೆಂದದ ದಡ ಇನ್ನೊಂದಿರಲಿಲ್ಲ. ನಾನು ಹಿಂದುಮುಂದು ನೋಡದೆ ಒಂದನೇ ದರ್ಜೆ ಎಂದು ಬರೆದೆ.

"ನಮ್ಮ ದಡಕ್ಕೆ ಎಷ್ಟು ಮಾರ್ಕು ಕೊಟ್ಟೆ?" ಅಜ್ಜಿ ಕೇಳಿದರು.

"ಫಸ್ಟ್ ಕ್ಲಾಸ್, ಅಜ್ಜಿ."

ಅವರ ಮುಖ ಅರಳಿತು. ಆದರೆ ತಕ್ಷಣವೇ ಇನ್ನೊಂದು ಯೋಚನೆ ಬಂತು. "ಚೆನ್ನಾಗೈತೆ ಅಂತ ಬೇಲಿ ಗೀಲಿ ಹಾಕ್ಬಿಟ್ಟಾರು ಕಣಮ್ಮ. ನಾನು ಇಳಿಯಂಗಿರ್ಬೇಕು. ಹಂಗೆ ಬರಿ."

"ಬರೀತೀನಿ ಅಜ್ಜಿ. ಜನ ಇಳೀಬಹುದು ಅಂತಾನೇ ಬರೀತೀನಿ" ಎಂದೆ. ಅವರೆದುರಿಗೇ ಬರೆದೂ ಬರೆದೆ. ಸಂಜೆಯೊಳಗೆ ನಮ್ಮ ಬೀದಿಗೆಲ್ಲ ಸುದ್ದಿ ಗೊತ್ತಾಗಿತ್ತು.

ದಡದ ಜೊತೆಗೆ ನೀರು, ಕೆಸರು, ಗಿಡದ ಎಲೆ, ಇವುಗಳ ಸ್ಯಾಂಪಲ್ ಕೂಡ ಪರೀಕ್ಷೆಗೆ ಕಳಿಸಿದ್ದೆವು. ಫಲಿತಾಂಶ ಬಂದ ದಿನ ನಮ್ಮ ಮೇಲಧಿಕಾರಿ ಮೇಡಂ ನನ್ನನ್ನು ಕರೆದು, ನಕ್ಷೆಯಲ್ಲಿ ಸೊಪ್ಪಿನ ದಡದ ಮೇಲೆ ಬೆರಳಿಟ್ಟು, "ಇಲ್ಲಿ ಯಾರಾದ್ರೂ ಸೊಪ್ಪು ಕೊಯ್ತಾರಾ?" ಎಂದರು. ಮೇಲಿನ ಬಡಾವಣೆಗಳ ಕೊಳಚೆ, ಗ್ಯಾರೇಜಿನ ಎಣ್ಣೆ, ಯಾವ್ಯಾವುದೋ ಶೆಡ್ಡುಗಳ ನೀರು, ಎಲ್ಲ ಆ ಕಾಲುವೆಯಲ್ಲೇ ಬಂದು ಅಲ್ಲೇ ನಿಲ್ಲುತ್ತಿತ್ತು. ಸೊಪ್ಪು ಅಷ್ಟು ಸೊಂಪಾಗಿ ಬೆಳೆದದ್ದೂ ಆ ಕೊಳಚೆ ಕುಡಿದೇ. ಎಲೆಯಲ್ಲಿ ಸೀಸದ ಅಂಶವಿತ್ತು. "ದಿನಾ ತಿಂದ್ರೆ ದೊಡ್ಡೋರಿಗೇ ಒಳ್ಳೇದಲ್ಲ, ಮಕ್ಕಳಿಗಂತೂ ಕೊಡಲೇಬಾರದು" ಎಂದರು ಮೇಡಂ. ಹಸಿರು ಕಂಡ ಕೂಡಲೇ ಒಳ್ಳೆಯದು ಎಂದುಕೊಂಡಿದ್ದೆ. ಓದಿದ ನಾನೂ, ಓದು ಬಾರದ ಅಜ್ಜಿಯೂ ಮಾಡಿದ ತಪ್ಪು ಒಂದೇ. ಕೊನೆಯ ಕಾಲಂ ಹೊಡೆದು ಹಾಕಿ ಬರೆದೆ: ಜನ ಇಳಿಯಬಾರದು, ಏನನ್ನೂ ಕೊಯ್ಯಬಾರದು.

ಮರುದಿನವೇ ರಜೆ ಹಾಕಿ ಮಗಳನ್ನು ಜಯನಗರದ ಮಕ್ಕಳ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ರಕ್ತ ಪರೀಕ್ಷೆಯಾಯಿತು. ಸದ್ಯ, ಹೆದರುವಂಥದ್ದೇನೂ ಇರಲಿಲ್ಲ, ಸೊಪ್ಪು ನಿಲ್ಲಿಸಿ ಎಂದರು. ಮನೆಗೆ ಬಂದರೆ ಚಿಲಕದಲ್ಲಿ ಕಂತೆ ಸಿಕ್ಕಿಸಿತ್ತು, ಎಲೆಯ ಮೇಲೆ ಇನ್ನೂ ನೀರಿನ ಹನಿ.

ಆ ಹೊತ್ತೇ ಕೆಳಗಿಳಿದು ಹೋಗಿ ಹೇಳಬೇಕಾಗಿತ್ತು. ಹೇಳಲಿಲ್ಲ. ವರದಿ ಇನ್ನೂ ಹೊರಗೆ ಬಂದಿಲ್ಲ, ಭಾನುವಾರ ನಿಧಾನವಾಗಿ ಕೂತು ಹೇಳೋಣ, ಹೀಗೆ ಏನೇನೋ ನೆಪ. ನಿಜವಾದ ಕಾರಣ ಒಂದೇ: ಅವರ ಮುಖ. ತಾನು ಪ್ರೀತಿಯಿಂದ ಕೊಟ್ಟದ್ದು ತಿನ್ನುವಂಥದ್ದಲ್ಲ ಎಂದು ಆ ಜೀವಕ್ಕೆ ಹೇಳುವ ಧೈರ್ಯ ನನಗಿರಲಿಲ್ಲ.

ಸೊಪ್ಪನ್ನು ಎಸೆಯುವುದಕ್ಕೂ ದಾರಿಯಿರಲಿಲ್ಲ. ಎಲ್ಲರ ಮನೆಯ ಹಸಿ ಕಸದ ಬಕೆಟ್ಟನ್ನೂ ಅಜ್ಜಿ ದಿನಾ ಬಗ್ಗಿ ನೋಡುತ್ತಿದ್ದರು. ಪ್ಲಾಸ್ಟಿಕ್ ಬೆರೆಸಿದವರಿಗೆ ಬೆಳಿಗ್ಗೆ ಮೆಟ್ಟಿಲ ಹತ್ತಿರವೇ ಪೂಜೆ. ಹಾಗಾಗಿ ನಾನು ಕಂತೆಯನ್ನು ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು, ಆಫೀಸಿನ ಕಸದ ಡಬ್ಬಿಗೆ ಹಾಕತೊಡಗಿದೆ. ಸಂಜೆ ಅಜ್ಜಿ "ಬಸ್ಸಾರು ಹೆಂಗಿತ್ತು?" ಎಂದರೆ "ಸಖತ್ತಾಗಿತ್ತು ಅಜ್ಜಿ" ಎನ್ನುತ್ತಿದ್ದೆ. ಒಂದು ಭಾನುವಾರ ಹೋಯಿತು, ಇನ್ನೊಂದು ಹೋಯಿತು. ಮೆಟ್ಟಿಲ ಮೇಲೆ ಎದುರಾಗುತ್ತಿದ್ದ ಬಾಣಂತಿ, ಮೂರನೇ ಮಹಡಿಯ ಅವಳಿ ಮಕ್ಕಳು, ಇವರ ಮನೆಯ ಚಿಲಕದಲ್ಲೂ ಅದೇ ಕಂತೆ ಇರುತ್ತಿತ್ತು. ನೋಡಿಯೂ ನೋಡದವಳ ಹಾಗೆ ಇಳಿದು ಹೋಗುತ್ತಿದ್ದೆ. ಹೇಗೆ ಹೋಗುತ್ತಿದ್ದೆನೋ, ಈಗ ನೆನೆದರೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಗುಟ್ಟು ಬಿಟ್ಟುಕೊಟ್ಟವಳು ಮಗಳು. ಟೆರೇಸಿನಲ್ಲಿ ಅಜ್ಜಿ ಸೊಪ್ಪು ತಿಂದೆಯಾ ಎಂದು ಕೇಳಿದ್ದಕ್ಕೆ, "ಅಮ್ಮ ಸೊಪ್ಪನ್ನ ಆಫೀಸಿಗೆ ತಗೊಂಡು ಹೋಗ್ತಾಳೆ" ಎಂದುಬಿಟ್ಟಿದ್ದಳು. ಅದು ನನಗೆ ಗೊತ್ತಾದದ್ದು ಮರುದಿನ ಬೆಳಿಗ್ಗೆ, ನಾನು ಕೆಲಸಕ್ಕೆ ಹೊರಟು ಬಾಗಿಲು ತೆಗೆದಾಗ. ಅಜ್ಜಿ ಏದುಸಿರು ಬಿಡುತ್ತಾ ಎದುರಿಗೇ ನಿಂತಿದ್ದರು. ಸೀರೆಯ ಅಂಚು ಒದ್ದೆ. ಕೈಯಲ್ಲಿ ಎರಡು ಕಂತೆ, ಒಂದು ಚಿಕ್ಕದು, ಒಂದು ತಬ್ಬಿ ಹಿಡಿಯುವಷ್ಟು ದೊಡ್ಡದು.

"ಆಫೀಸ್ನೋರ್ಗೆ ಹಂಚ್ತೀಯಂತೆ. ಹೇಳ್ಬಾರ್ದಾ, ನಿನ್ನ ಪಾಲೆಲ್ಲ ಅವ್ರಿಗೇ ಕೊಟ್ರೆ ಕೂಸಿಗೆ ಏನುಳೀತೈತೆ? ತಗೋ, ಇದು ಆಫೀಸಿಗೆ. ಇದು ಕೂಸಿಗೆ."

ಇನ್ನು ತಡೆಯುವುದು ನನ್ನಿಂದಾಗಲಿಲ್ಲ. ಅಲ್ಲೇ ಬಾಗಿಲಲ್ಲೇ ಎಲ್ಲ ಹೇಳಿದೆ. ಕಾಲುವೆ, ಸೀಸ, ಎಲೆ, ಬೇಲಿ. ಹೇಳುತ್ತಾ ಹೇಳುತ್ತಾ ಅಳು ಬಂತು. ಅಜ್ಜಿ ಮೆಟ್ಟಿಲ ಮೇಲೆ ಕೂತರು. ಕಂತೆಗಳನ್ನು ಪಕ್ಕಕ್ಕಿಟ್ಟು, ಕೈಯನ್ನು ಸೀರೆಗೆ ಒರೆಸಿಕೊಂಡರು.

"ಕೂಸಿಗೆ ಏನಾರ ಆಗೈತಾ?" ಅವರು ಮೊದಲು ಕೇಳಿದ್ದು ಅದನ್ನು.

"ಇಲ್ಲ ಅಜ್ಜಿ. ಡಾಕ್ಟ್ರು ನೋಡಿದ್ರು. ಏನೂ ಆಗಿಲ್ಲ."

"ಯಾವತ್ತು ಗೊತ್ತಾಯ್ತು ನಿಂಗೆ?"

"ಮೂರು ವಾರ ಆಯ್ತು."

ಅವರು ಕಂತೆಗಳನ್ನು ಇನ್ನಷ್ಟು ದೂರ ಸರಿಸಿದರು. ಕೆಳಗೆ ಯಾರದೋ ಸ್ಕೂಟರ್ ಸ್ಟಾರ್ಟ್ ಆಗಿ ಹೋಯಿತು. "ಬೇಲಿ ಹಾಕ್ಲಿ. ನೀನು ಬರ್ದಿದ್ದು ಸರಿಯಾಗೈತೆ" ಎಂದರು. ಆಮೇಲೆ, ದನಿ ಏರಿಸದೆ, "ನಿನ್ನ ಮಗೀಗೆ ತಿನ್ಸಲಿಲ್ಲ, ಒಳ್ಳೇದು ಮಾಡ್ದೆ. ಮೇಲೆ ಬಾಣಂತಿ ಅವ್ಳಲ್ಲಮ್ಮ" ಎಂದರು.

ಅವರು ಬೈದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ತಲೆ ತಗ್ಗಿಸಿ ನಿಂತೆ. ಅಜ್ಜಿ ಕಂಬಿ ಹಿಡಿದು ಎದ್ದು, "ಬಾ" ಎಂದರು.

ಮೊದಲು ಬಾಣಂತಿಯ ಮನೆ. ಆ ಹುಡುಗಿ ಮಗುವನ್ನು ಭುಜಕ್ಕೆ ಹಾಕಿಕೊಂಡು ಬಾಗಿಲು ತೆಗೆದಳು. ಒಳಗೆ ಕುಕ್ಕರ್ ಕೂಗುತ್ತಿತ್ತು. "ಸೊಪ್ಪು ಬೇಯ್ಸಕ್ಕೆ ಇಟ್ಟಿದ್ರೆ ಚೆಲ್ಬಿಡಮ್ಮ" ಎಂದರು ಅಜ್ಜಿ. "ಕೆರೆ ನೀರು ಕೆಟ್ಟೈತಂತೆ. ನಾನು ತಿಳೀದೆ ಕೊಡ್ತಿದ್ದೆ. ನಂದೇ ತಪ್ಪು. ಒಂದ್ಸಲ ಡಾಕ್ಟ್ರಿಗೆ ತೋರಿಸ್ಕೊಂಡು ಬಾ, ನನ್ನ ಮಗ ಕಾರಲ್ಲಿ ಕರ್ಕೊಂಡು ಹೋಗ್ತಾನೆ."

ಅವಳು ಗಾಬರಿಯಾಗಿ ನನ್ನ ಕಡೆ ತಿರುಗಿದಳು. "ಯಾವಾಗ ಗೊತ್ತಾಯ್ತು ಅಕ್ಕ?"

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಹೇಳಿದರು: "ಈಗ್ಲೇ ಕಣಮ್ಮ. ಗೊತ್ತಾಗಿದ್ದೇ ತಡ, ಆಫೀಸಿಗೂ ಹೋಗ್ದೆ ಓಡ್ಬಂದು ಹೇಳ್ತು ಈ ಹುಡುಗಿ."

ಆ ತಾಯಿ ಒಂದು ಕೈಯಲ್ಲಿ ಮಗುವನ್ನು ಹಿಡಿದುಕೊಂಡೇ ಇನ್ನೊಂದು ಕೈಯಿಂದ ನನ್ನ ಕೈ ಹಿಡಿದಳು. "ಥ್ಯಾಂಕ್ಸ್ ಅಕ್ಕ" ಎಂದಳು.

ಐದು ಬಾಗಿಲಲ್ಲೂ ಅಜ್ಜಿ ಅದನ್ನೇ ಹೇಳಿದರು. ಐದು ಬಾಗಿಲಲ್ಲೂ ತಪ್ಪು ತಮ್ಮದೆಂದರು. ಐದು ಬಾಗಿಲಲ್ಲೂ ನಾನು ಸುಮ್ಮನೆ ನಿಂತಿದ್ದೆ. ವಾಪಸ್ ಇಳಿಯುವಾಗ ಅವರಿಗೆ ಮಂಡಿ ನೋವು. ನನ್ನ ಭುಜದ ಮೇಲೆ ಕೈಯಿಟ್ಟು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು. "ಯಾಕಜ್ಜಿ ಹಾಗೆ ಹೇಳಿದ್ರಿ?" ಎಂದು ಕೇಳಿದೆ.

"ನಾನು ಮುದುಕಿ, ನನ್ನ ಬೈಕೊಂಡ್ರೂ ನಾಕು ದಿನ ಬೈಕೋತಾರೆ" ಎಂದರು. "ನೀನು ಅವ್ರ ಮುಖ ನೋಡ್ಕೊಂಡು ಇದೇ ಮನೇಲಿ ಬಾಳ್ಬೇಕಲ್ಲಮ್ಮ."