ಮಾನ್ಯತೆ ಪತ್ರದ ಮೇಲಿನ ಹಾರ

ಎಂ.ಎಸ್ಸಿ. ನರ್ಸಿಂಗ್ ಸೀಟಿಗಾಗಿ ಬಳ್ಳಾರಿಯ ಕಾಲೇಜೊಂದಕ್ಕೆ ದಾಖಲೆ ತೋರಿಸಲು ಹೋಗಿದ್ದೆ. ಅಂಕಪಟ್ಟಿ, ಅನುಭವ ಪತ್ರ ಎಲ್ಲ ನೋಡಿದ ಗುಮಾಸ್ತರು, "ನೀವು ಬಿ.ಎಸ್ಸಿ. ಸೇರಿದ ವರ್ಷ ನಿಮ್ಮ ಕಾಲೇಜಿಗೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇತ್ತೇನ್ರಿ?" ಎಂದರು.

"ಯಾಕಿಲ್ಲ ಸರ್? ಸಿರುಗುಪ್ಪದಿಂದ ಕುರುಗೋಡಿನ ತನಕ ನಮ್ಮ ಕಾಲೇಜಿಗೆ ಹೆಸರೈತಿ." ನನ್ನ ದನಿ ಏರಿತ್ತು.

"ಹೆಸರು ಯಾರು ಕೇಳ್ಯಾರವ್ವ?" ಎಂದು ಅವರು ಕಂಪ್ಯೂಟರಿನಲ್ಲಿದ್ದ ಪಟ್ಟಿಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಇಳಿಯತೊಡಗಿದರು. ಸಿರುಗುಪ್ಪದಿಂದ ನನ್ನ ಜೊತೆ ಬಂದಿದ್ದ ಅಪ್ಪ ಬೆಂಚು ಬಿಟ್ಟು ಎದ್ದು ಬಂದ. ಬೆರಳು ನಿಂತಿತು. ನಾನು ಸೇರುವ ಹಿಂದಿನ ವರ್ಷಕ್ಕೇ ನಮ್ಮ ಕಾಲೇಜಿನ ಮಾನ್ಯತೆ ಮುಗಿದಿತ್ತು. ಮತ್ತೆ ಸಿಕ್ಕಿದ್ದು ಎರಡು ವರ್ಷದ ಮೇಲೆ.

ನನಗೆ ಮೈಯೆಲ್ಲ ಉರಿಯಿತು. ಗಾಜಿನ ಕಟ್ಟು ಹಾಕಿಸಿದ ಮಾನ್ಯತೆ ಪತ್ರವನ್ನು ಪ್ರಿನ್ಸಿಪಾಲರ ಕೋಣೆಯ ಗೋಡೆಯ ಮೇಲೆ ನಾನೇ ಕಂಡಿದ್ದೆ. ನಾನು ಸೇರಿದ ದಿನ ಕಾಲೇಜಿನಲ್ಲಿ ಆಯುಧಪೂಜೆ ನಡೆದಿತ್ತು. ಬೀರುವಿಗೆ, ಬಿ.ಪಿ. ಮಷೀನಿಗೆ ಕುಂಕುಮ ಹಚ್ಚಿದ್ದರು. ನಾನು ಫೀ ಕಟ್ಟಿ ಒಳಗೆ ಹೋದಾಗ ಪತ್ರದ ಮೇಲೆ ದಪ್ಪನೆಯ ಚೆಂಡುಹೂವಿನ ಹಾರವಿತ್ತು. ವರ್ಷ ಬರೆದಿದ್ದ ಸಾಲು ಅದರ ಹಿಂದೆ ಮುಚ್ಚಿಹೋಗಿತ್ತು. ಮೊದಲೇ ಒಳಗಿದ್ದ ಅಪ್ಪನೂ ನಾನೂ ಅದಕ್ಕೆ ಕೈಮುಗಿದಿದ್ದೆವು.

"ಬೇಕಂತನ ಹಾರ ಹಾಕಿ ವರ್ಷ ಮುಚ್ಯಾರಪ್ಪ! ಈಗ ಹೋಗಿ ಆ ಪ್ರಿನ್ಸಿಪಾಲರನ್ನ ಕೇಳತೀನಿ," ಎಂದು ಫೈಲು ಎತ್ತಿಕೊಂಡೆ.

ಅಪ್ಪ ನನ್ನ ತೋಳು ಹಿಡಿದ. "ಬ್ಯಾಡವ್ವ. ಆ ಹಾರ ಅವರು ಹಾಕಿದ್ದಲ್ಲ. ನಿನಗ ಚೊಲೊ ಆಗಲಿ ಅಂತ ಊರಿಂದ ಚೀಲದಾಗ ತಂದು ನಾನ ಹಾಕಿದ್ದೆ."